ನಂದೂ ಒಂದು ಚುಚ್ಚಿಬಿಡು

ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಕಾಫಿ. ಇದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ಈಗ ಕಾಫಿಗಿಂತ ಮೊದಲು ಬೆರಳು ಚುಚ್ಚಬೇಕು. ನನಗೆ ಶುಗರ್ ಇದೆ, ಮನೆಯಲ್ಲಿ ಅದನ್ನು ನೋಡುವ ಮಿಷನ್ನು, ಗ್ಲುಕೋಮೀಟರ್, ಇದೆ ಅನ್ನೋದು ನೆಂಟರಿಷ್ಟರಿಗೆಲ್ಲ ಗೊತ್ತಾಗಿಹೋಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಿಷನ್ ತೆಗೆದುಕೊಂಡು ಕೂತರೆ ಸಾಕು. ಪೇಪರ್ ಓದುತ್ತಿದ್ದವರು, ಸ್ನಾನಕ್ಕೆ ಹೊರಟವರು ಎಲ್ಲ ಬಂದು ಸುತ್ತ ನಿಲ್ಲುತ್ತಾರೆ. "ಹಂಗೇ ನಂದೂ ಒಂದು ಚುಚ್ಚಿಬಿಡು."

ಪುಕ್ಕಟೆ ಅಂದುಕೊಂಡಿದ್ದಾರೆ. ಮಿಷನ್ ಪುಕ್ಕಟೆಯೇ ಸರಿ. ಎಷ್ಟೋ ಸಲ ಸ್ಟ್ರಿಪ್, ಅಂದರೆ ರಕ್ತದ ಹನಿ ತಾಗಿಸುವ ಪುಟ್ಟ ಪಟ್ಟಿ, ಕೊಂಡರೆ ಮಿಷನ್ ಫ್ರೀ ಅಂತ ಮೆಡಿಕಲ್ ಸ್ಟೋರಿನವರೇ ಕೊಟ್ಟು ಕಳಿಸುತ್ತಾರೆ. ಅವರಿಗೆ ಗೊತ್ತು, ದುಡ್ಡು ಹೋಗುವುದು ಸ್ಟ್ರಿಪ್ಪಿಗೆ ಅಂತ. ಒಂದಕ್ಕೆ ಹೆಚ್ಚುಕಮ್ಮಿ 20 ರೂಪಾಯಿ. ರಕ್ತ ಒಂದು ಚೂರು ಸಾಲದಿದ್ದರೆ 'ಎರರ್' ಅಂತ ತೋರಿಸಿ ಸುಮ್ಮನಾಗುತ್ತದೆ, ಆ 20 ರೂಪಾಯಿ ಕಸದ ಬುಟ್ಟಿಗೆ. ಸೂಜಿಯೂ ಅಷ್ಟೇ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚುವ ಹಾಗಿಲ್ಲ, ಹೆಪಟೈಟಿಸ್ ಬಿ ಅಂಥವೆಲ್ಲ ಹರಡುತ್ತವೆ. ಅದನ್ನು ಹೇಳಿದರೆ ನಮ್ಮ ಸೋದರಮಾವ, "ನಾವೆಲ್ಲ ಒಂದೇ ರಕ್ತ ಅಲ್ವೇನೇ?" ಅನ್ನುತ್ತಾರೆ.

ಈ ಮಾವನ ವಿಷಯವನ್ನೇ ಹೇಳಬೇಕು. ಮೈಸೂರಿನಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ ಇದ್ದಾರೆ. ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿ, ವಾಪಸ್ ಹೋಗುವಾಗ ನಮ್ಮ ಮನೆಗೆ ಬರುತ್ತಾರೆ. ವಾಕಿಂಗ್ ಮುಗಿಸಿದ ಮೇಲೆ ಶುಗರ್ ಇಳಿದಿರುತ್ತದೆ ಅಂತ ಯಾರೋ ಹೇಳಿದ್ದಾರೆ. ಅವರಿಗೂ ಶುಗರ್ ಇದೆ, ಡಾಕ್ಟರು ಮಾತ್ರೆ ಬರೆದುಕೊಟ್ಟೂ ಆಗಿದೆ. ಆದರೆ ತಮ್ಮ ಮನೆಯಲ್ಲಿ ಮಿಷನ್ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಕಾಯಿಲೆ ಇದೆ ಅಂತ ಒಪ್ಪಿಕೊಂಡ ಹಾಗಂತೆ.

ನನ್ನ ಮಿಷನ್ ಜೊತೆ ಅವರು ಮಾಡುವುದು ಚೌಕಾಸಿ. 190 ಬಂತು ಅನ್ನಿ. "ಆ ಬೆರಳು ಸರಿ ಇಲ್ಲ, ಉಂಗುರದ ಬೆರಳಿಗೆ ಹಾಕು." ಅದರಲ್ಲಿ 184. "ನೋಡು, ಇಳೀತಾ ಇದೆ. ಎಡಗೈ ನೋಡೋಣ." ಇಷ್ಟೊತ್ತಿಗೆ ನನ್ನ 40 ರೂಪಾಯಿ ಹೋಗಿರುತ್ತದೆ. ಈ ಮಿಷನ್‌ಗಳು ಲ್ಯಾಬಿಗಿಂತ ಶೇಕಡಾ 15ರಷ್ಟು ಆಚೀಚೆ ತೋರಿಸಿದರೂ ನಡೆಯುತ್ತದೆ ಅಂತ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಗುಣಮಟ್ಟದ ನಿಯಮದಲ್ಲೇ ಇದೆ. ಅಂದರೆ ನಿಜವಾಗಿ 200 ಇದ್ದರೆ 170 ಬರಬಹುದು, 230ಊ ಬರಬಹುದು. ಇದನ್ನು ಮಾವನಿಗೆ ಹೇಳಿದವರು ನಮ್ಮ ಯಜಮಾನರು. ಹೇಳಬಾರದಿತ್ತು. ಆಚೆಯ ಲೆಕ್ಕ ಮಾವ ಮರೆತುಬಿಟ್ಟರು, ಈಚೆಯ ಲೆಕ್ಕ ಬಾಯಿಪಾಠ ಮಾಡಿಕೊಂಡರು. ಈಗ ಯಾವ ನಂಬರ್ ಬಂದರೂ ಅದರಲ್ಲಿ 15 ಪರ್ಸೆಂಟ್ ಕಳೆದೇ ಅತ್ತೆಗೆ ಫೋನ್ ಮಾಡುವುದು.

ನಿನ್ನೆ ಆಗಿದ್ದು ಕೇಳಿ. ಮಾವಿನ ಕಾಲ. ಮೇಜಿನ ಮೇಲೆ ರಸಪುರಿ ಹಣ್ಣಿನ ಬುಟ್ಟಿ ಇತ್ತು. ನಾನು ಒಳಗೆ ಹಾಲು ಉಕ್ಕದ ಹಾಗೆ ಕಾಯುತ್ತಿದ್ದೆ. ಬಂದು ನೋಡಿದರೆ ಮಾವ ಆಗಲೇ ಬೆರಳು ಚಾಚಿಕೊಂಡು ಕೂತಿದ್ದಾರೆ. ಚುಚ್ಚಿದೆ. ಸ್ಟ್ರಿಪ್ಪು ರಕ್ತ ಎಳೆದುಕೊಂಡಿತು. ಐದು, ನಾಲ್ಕು, ಮೂರು ಅಂತ ಎಣಿಸಿ ನಿಂತಿತು. ನಂಬರ್ ಬರಲೇ ಇಲ್ಲ. ಎಚ್, ಐ ಅಂತ ಎರಡು ಇಂಗ್ಲಿಷ್ ಅಕ್ಷರ ಬಂತು.

ಮಾವ ಕನ್ನಡಕ ಏರಿಸಿ ಓದಿದರು. "ಹಾಯ್ ಅಂತಿದೆಯಲ್ಲೇ! ಮಾತಾಡ್ಸುತ್ತಾ ಇದು?"

"ಹಾಯ್ ಅಲ್ಲ ಮಾವ, ಹೈ. 600 ದಾಟಿದ್ರೆ ಹಂಗೆ ತೋರಿಸುತ್ತೆ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದೆವು. ಯಜಮಾನರು ಕಾರಿನ ಕೀ ಹುಡುಕಲು ಓಡಿದರು. ಕೀ ಅವರ ಕೈಯಲ್ಲೇ ಇತ್ತು. ನಾನು ಅತ್ತೆಗೆ ಫೋನ್ ಮಾಡಿದೆ. ಅವರು ಅಳುತ್ತಲೇ, "ನಿನ್ನೆ ಎರಡು ಹೋಳಿಗೆ ತಿಂದ್ರು ಕಣೇ, ನನ್ಮುಂದೇನೇ ಎರಡು, ಹಿಂದೆ ಎಷ್ಟೋ ಏನೋ" ಅಂದರು. ಮಾವ ಸೋಫಾದ ಮೇಲೆ ಒರಗಿಕೊಂಡು, ಸೋತ ದನಿಯಲ್ಲಿ ತಮ್ಮ ಎಫ್‌ಡಿಗಳು ಯಾವ್ಯಾವ ಬ್ಯಾಂಕಿನಲ್ಲಿವೆ ಅಂತ ಹೇಳಲು ಶುರು ಮಾಡಿದರು. ಮೊದಲನೆಯದು ಹೇಳಿದರು. ಎರಡನೆಯದು ಹೇಳಿದರು. "ಮೂರನೇದು ನಿಮ್ಮತ್ತೆಗೂ ಗೊತ್ತಿಲ್ಲ, ಅದು..." ಅನ್ನುವಷ್ಟರಲ್ಲಿ ನನ್ನ ಕಣ್ಣು ಮೇಜಿನ ಮೇಲೆ ಬಿತ್ತು. ತಟ್ಟೆಯಲ್ಲಿ ಚೆನ್ನಾಗಿ ಚೀಪಿದ ಒಂದು ಓಟೆ. ಮಾವನ ಬೆರಳ ಸಂದಿಯಲ್ಲೆಲ್ಲ ಹಳದಿ.

"ಮಾವ, ಏಳಿ. ಸೋಪ್ ಹಾಕಿ ಕೈ ತೊಳೀರಿ."

ಹಣ್ಣಿನ ರಸ ಬೆರಳಿಗೆ ಅಂಟಿದ್ದರೆ ಮಿಷನ್ ಅದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಅದಕ್ಕೆ ಹೊರಗಿನ ಸಕ್ಕರೆ, ಒಳಗಿನ ಸಕ್ಕರೆ ಅನ್ನೋ ಭೇದ ಗೊತ್ತಿಲ್ಲ. ಪಂಚೆಗೆ ಒರೆಸಿಕೊಂಡರೆ ಹೋಗುವುದೂ ಇಲ್ಲ, ತೊಳೆಯಲೇಬೇಕು. ತೊಳೆದು ಬಂದ ಮೇಲೆ ನೋಡಿದೆ, 174. ಮಾವ ಎದ್ದು ಕೂತರು. ಮೂರನೇ ಎಫ್‌ಡಿ ಮಾತು ಅಲ್ಲಿಗೇ ನಿಂತಿತು. ಅತ್ತೆ ಇವತ್ತು ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಿದ್ದಾರೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಕೈ ತೊಳೆದರೆ ಶುಗರ್ ಇಳಿಯುತ್ತದೆ ಅಂತ ಮಾವ ತೀರ್ಮಾನ ಮಾಡಿಬಿಟ್ಟರು. 600ರಿಂದ 174ಕ್ಕೆ, ಅದೂ ಬರೀ ಒಂದು ಸೋಪಿನಲ್ಲಿ! ಮತ್ತೆ ಹೋಗಿ ತೊಳೆದರು. ಈ ಸಲ ಒರೆಸಿಕೊಳ್ಳಲೂ ಇಲ್ಲ, ನೀರು ತೊಟ್ಟಿಕ್ಕುವ ಕೈಯನ್ನೇ ನನ್ನ ಮುಂದೆ ಹಿಡಿದರು. ಒದ್ದೆ ಬೆರಳಲ್ಲಿ ರಕ್ತ ತೆಳುವಾಗಿ ನಂಬರ್ ಕಡಿಮೆ ಬರುತ್ತದೆ. ಬಂದೇಬಂತು, 148. "ನಾ ಹೇಳ್ಲಿಲ್ವಾ?" ಅಂದರು. ಸ್ಟ್ರಿಪ್ ಡಬ್ಬಿ ಎತ್ತಿ ಬೀರುವಿನಲ್ಲಿಟ್ಟೆ. ಸೀರೆಗಳ ಹಿಂದೆ.

ನಮ್ಮಪ್ಪನಿಗೂ ಶುಗರ್ ಇತ್ತು. ಆಗ ಮನೆಯಲ್ಲಿ ಮಿಷನ್ ಎಲ್ಲಿತ್ತು? ಬಚ್ಚಲುಮನೆ ಗೂಡಿನಲ್ಲಿ ಬೆನೆಡಿಕ್ಟ್ ದ್ರಾವಣದ ನೀಲಿ ಬಾಟಲಿ, ಒಂದು ಗಾಜಿನ ನಳಿಗೆ, ಸ್ಪಿರಿಟ್ ದೀಪ. ಐದು ಎಂ.ಎಲ್. ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಆಗುತ್ತಾ ಹೋದಷ್ಟೂ ಜಾಸ್ತಿ. ಇಟ್ಟಿಗೆ ಬಣ್ಣ ಬಂದರೆ ಆ ದಿನ ಅಮ್ಮನ ಮುಖ ನೋಡುವ ಹಾಗಿರಲಿಲ್ಲ. ರಕ್ತದಲ್ಲಿ ಸುಮಾರು 180 ದಾಟಿದ ಮೇಲೆಯೇ ಮೂತ್ರದಲ್ಲಿ ಸಕ್ಕರೆ ಕಾಣಿಸುವುದು, ಹಾಗಾಗಿ ನೀಲಿ ಅಂದರೂ ಪೂರ್ತಿ ನಂಬುವ ಹಾಗಿರಲಿಲ್ಲ. ಅಪ್ಪನಿಗೆ ಅದೆಲ್ಲ ಗೊತ್ತಿತ್ತೋ ಇಲ್ಲವೋ. ನೀಲಿ ಬಂದ ದಿನ ಊಟಕ್ಕೆ ಕೂತಾಗ, "ಇವತ್ತು ನೀಲಿ" ಅಂತ ಅಮ್ಮನಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಅಮ್ಮ ಮಾತಾಡದೆ ಅರ್ಧ ಮೈಸೂರು ಪಾಕು ಎಲೆಯ ತುದಿಗೆ ಇಡುತ್ತಿದ್ದಳು. ಈಗ ನನಗೆ ನಂಬರ್ ಮಾತ್ರ ಬರುತ್ತದೆ, ಮೈಸೂರು ಪಾಕು ಬರುವುದಿಲ್ಲ.

ಇರಲಿ. ಮಾವನಿಗೆ ಸೋಪಿನಿಂದಲೂ ಮೋಸ ಮಾಡಲಾಗದ ಪರೀಕ್ಷೆ ಒಂದಿದೆ, ಎಚ್‌ಬಿಎ1ಸಿ. ಎರಡು ಮೂರು ತಿಂಗಳ ಶುಗರ್ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ. ಹಿಂದಿನ ದಿನ ಉಪವಾಸ ಮಾಡಿದರೂ ಪ್ರಯೋಜನವಿಲ್ಲ. ಹೋದ ಸಲ ಮಾವನಿಗೆ 8.1 ಬಂದಿತ್ತು, ಜಾಸ್ತಿಯೇ. "ಮೂರು ತಿಂಗಳ ಹಿಂದಿಂದು ಈಗ್ಯಾಕೆ ಕೆದಕ್ತಾರೆ? ನಾನು ಮೊನ್ನೆಯಿಂದ ಬಿಟ್ಟಿದೀನಲ್ಲ" ಅಂತ ಲ್ಯಾಬಿನ ಹುಡುಗನ ಮೇಲೆ ರೇಗಿದ್ದರು.

ಈಗ ಹೊಸದೊಂದು ಶುರುವಾಗಿದೆ. ಮಾವನ ಮಗ ಲಂಡನ್‌ನಲ್ಲಿದ್ದಾನೆ. ಅವನಿಗೂ ಶುಗರ್ ಬಂದಿದೆಯಂತೆ. ನಿನ್ನೆ ರಾತ್ರಿ ಫೋನಿನಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಏಳು ಬಂತು ಅಂದನಂತೆ. ಮಾವನಿಗೆ ನಿದ್ದೆಯೇ ಬಂದಿಲ್ಲ. ಇವತ್ತು ಬೆಳಗಾಗುತ್ತಲೇ ಬಂದರು. "ಏಳಂತೆ ಕಣೇ! ಬರೀ ಏಳು! ಅಲ್ಲಿಯ ಊಟಾನೇ ಬೇರೆ."

ಇಂಗ್ಲೆಂಡಿನಲ್ಲಿ ಅಳೆಯುವ ಲೆಕ್ಕ ಬೇರೆ, ಅವರ ಏಳನ್ನು 18ರಿಂದ ಗುಣಿಸಿದರೆ ನಮ್ಮ 126, ಅಂದರೆ ನಿಮ್ಮ ಮಗನಿಗೂ ಜಾಸ್ತಿಯೇ ಇದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಮಾವ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. "ಡಿಸೆಂಬರಿಗೆ ಬರ್ತಾನಲ್ಲ, ಅಲ್ಲಿಯ ಮಿಷನ್ನೇ ಒಂದು ತರೋಕೆ ಹೇಳಿದೀನಿ" ಅಂದರು.

ನಾನು ಬೇಡ ಅನ್ನಲಿಲ್ಲ. ಒಂದು ಮಿಷನ್ನಿನ ಸ್ಟ್ರಿಪ್ಪು ಇನ್ನೊಂದಕ್ಕೆ ಕೂರುವುದಿಲ್ಲ. ಅದಕ್ಕೆ ಬೇಕಾದ್ದನ್ನು ಅವರೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ಡಿಸೆಂಬರಿಗೆ ಇನ್ನೂ ಎಷ್ಟು ತಿಂಗಳಿದೆ ಅಂತ ಎಣಿಸುತ್ತಾ ಇದ್ದೀನಿ.