ಬಾಟಲಿ ಫೇರಿ ಬಗ್ಗೆ ಬಂದಿರೋ ಫಾರ್ವರ್ಡ್ ತಪ್ಪೈತ್ರಿ

ನಮ್ಮ ಹುಬ್ಬಳ್ಳಿ ಹುಡುಗ್ರ ವಾಟ್ಸಾಪ್ ಗ್ರೂಪ್‌ನ್ಯಾಗ ಒಂದ್ ಮೆಸೇಜ್ ತಿರಗ್ಯಾಡಾಕತ್ತೈತಿ, 1998ರ ಝೆಲ್ಡಾ ಒಕರಿನಾ ಆಫ್ ಟೈಮ್ ಗೇಮ್‌ನ್ಯಾಗ ಬಾಟಲಿಗೆ ಹಿಡಿದಿಟ್ಟ ಫೇರಿನ (ರೆಕ್ಕಿ ಇರೋ ಪುಟ್ಟ ಕಿನ್ನರಿ) ಗೇಮ್ ಹೀರೋ ಲಿಂಕ್ ಸಾಯೂಕಿಂತ ಮದ್ಲ ನಾವ ತೆಗೀಬೇಕು, ಇಲ್ಲಂದ್ರ ವೇಸ್ಟ್ ಅಂತ. ಹಂಗೇನಿಲ್ರಿ. ಜೀವ ಎಷ್ಟೈತಿ ಅಂತ ತೋರ್ಸೋ ಹಾರ್ಟ್ ಎಲ್ಲಾ ಖಾಲಿ ಆಗಿ ಲಿಂಕ್ ದೊಪ್ಪಂತ ಬಿದ್ನಂದ್ರ ಫೇರಿ ತಾನ ಹೊರಗ ಬಂದು ಅವನ ಸುತ್ತ ಹಾರಿ ಎಬ್ಬಸತೈತಿ, ನೀವು ಒಂದ್ ಬಟನ್ನೂ ಒತ್ತೂದು ಬ್ಯಾಡ. ಖಾಲಿ ಬಾಟಲಿ ಉಳೀತೈತಿ, ಇನ್ನೊಂದು ಹಿಡ್ಕೊಂಡ್ ಬರ್ರಿ. ಆದ್ರ ಲಿಂಕ್ ಜೋಡಿ ತಿರುಗೋ ನಾವಿ ಅನ್ನೋ ಫೇರಿ ಬಾಟಲಿಗೆ ಬರೂದಿಲ್ಲ, ನಾನೂ ಒಂದ್ ಸಂಜಿಪೂರ್ತಿ ಬಾಟಲಿ ಬೀಸೀನಿ ಬಿಡ್ರಿ. ಲಾಸ್ಟ್ ವುಡ್ಸ್ ಕಾಡಿನ ದಾರಿ ಲಕ್ ಮ್ಯಾಲ ಅಂದಿದ್ದೂ ಸುಳ್ಳು, ಯಾವ ಕಡೆ ಹಾಡು ಜೋರ್ ಕೇಳತೈತಿ ಆ ಕಡೆ ನಡೀರಿ, ತಪ್ಪಿದ್ರ ಮತ್ತ ಶುರುವಿಗೇ ವಾಪಸ್.