ಪಾರ್ಸಲ್ ಇಳಿಸಕ್ಕೆ 12 ನಿಮಿಷ, ನಮ್ಮಮ್ಮಂಗೆ 2 ನಿಮಿಷ ಇಲ್ಲ

ಬಸ್ಸು ಮುಂದಕ್ಕೆ ಹೋಗಿದ್ದು ಹತ್ತಡಿ. ಹತ್ತೇ ಅಡಿ. ಚೌತಿಗೆ ಅಂತ ಅಮ್ಮನ್ನ ಕರ್ಕೊಂಡು ಬೆಂಗಳೂರಿಂದ ಕುಂದಾಪುರ ಕಡೆಗೆ ಪ್ರೈವೇಟ್ ರಾತ್ರಿ ಬಸ್ಸಲ್ಲಿ ಹೊರಟು, ನಿನ್ನೆ ಬೆಳಿಗ್ಗೆ ಮನೆ ಮುಟ್ಟಿದಾಗಿಂದ ಅದೊಂದೇ ತಲೇಲಿ ಓಡ್ತಿದೆ, ಪಂಚಕಜ್ಜಾಯಕ್ಕೆ ಕಾಯಿ ತುರೀತಾ ಕೂತ್ರೂ ಅದೇ, ರಾತ್ರಿ ಕಣ್ಣು ಮುಚ್ಚಿದ್ರೂ ಅದೇ. ಅಮ್ಮ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡ್ತಿದಾಳೆ. ನೆಂಟರು ಬಂದು ಪ್ರಯಾಣ ಹೇಗಾಯ್ತು ಅಂತ ಕೇಳಿದ್ರೆ ಅಡ್ಡಿಲ್ಲೆ, ಲಾಯ್ಕ್ ಆಯ್ತ್ ಅಂತಾಳೆ. ಅದನ್ನ ಕೇಳಿದಾಗ ನಂಗೆ ಇನ್ನೂ ಉರಿಯುತ್ತೆ.

ಆ ಕ್ಲೀನರ್ ಹುಡುಗಂಗೆ ಜಾಸ್ತಿ ಅಂದ್ರೆ ಇಪ್ಪತ್ತಮೂರು ವರ್ಷ. ಅಮ್ಮಂಗೆ ಅರವತ್ತೆಂಟು. ಅಮ್ಮ ಅವನ್ನ ಮಗಾ ಅಂತ ಕರೆದಿದ್ದು ಕಣ್ರೀ. ಹಾಸನ ದಾಟಿತ್ತು, ಎಲ್ಲಾ ಪರದೆ ಎಳ್ಕೊಂಡು ಮಲಗಿದ್ರು, ನಂಗೂ ಸ್ವಲ್ಪ ಕಣ್ಣು ಹತ್ತಿತ್ತು. ನನ್ನ ಎಬ್ಬಿಸ್ಬಾರ್ದು ಅಂತ ಅವಳೊಬ್ಳೇ ಎದ್ದು ಆ ಸಂದೀಲಿ ಕಂಬಿ ಹಿಡ್ಕೊಂಡು, ಬಸ್ಸು ಒಂದೊಂದ್ ಸಲ ಆ ಕಡೆ ಈ ಕಡೆ ವಾಲಿದಾಗ್ಲೂ ಯಾರದೋ ಬರ್ತ್‌ಗೆ ಮೊಣಕೈ ಹೊಡ್ಕೊಂಡು ಮುಂದಕ್ಕೆ ಹೋಗಿದಾಳೆ. ಡ್ರೈವರ್ ಕ್ಯಾಬಿನ್ ಬಾಗಿಲು ಮುಚ್ಚಿತ್ತು, ಒಳಗಡೆ ಹಾಡು. ಮೂರು ಸಲ ಬಡಿದ ಮೇಲೆ ಅವನು ಒಂದು ಗೇಣು ಬಾಗಿಲು ತೆಗೆದ. ನಂಗೆ ಎಚ್ಚರ ಆಗಿದ್ದು ಆ ಬಡಿಯೋ ಸದ್ದಿಗೆ. ಅಮ್ಮ ನಮ್ಮ ಕುಂದಾಪ್ರ ಕನ್ನಡದಲ್ಲಿ ಮೆತ್ತಗೆ ಹೇಳಿದ್ಲು, "ಮಗಾ, ಒಂದ್ ಗಳಿಗೆ ನಿಲ್ಸ್ತ್ಯಾ, ಹೊರ್ಗ್ ಹೋಯ್ಕಿತ್." ಅವನಿಗೆ ಮೊದಲು ಅರ್ಥ ಆಗ್ಲಿಲ್ಲ. ಅರ್ಥ ಆದ್ಮೇಲೆ ಇಡೀ ಬಸ್ಸಿಗೆ ಕೇಳೋ ಹಾಗೆ, "ಅಣ್ಣಾ, ಅಜ್ಜಿಗೆ ಬಾತ್ರೂಮ್ ಬಂದಿದ್ಯಂತೆ!" ಅಂದ. ಡ್ರೈವರ್ ತಿರುಗಿ ಕೂಡ ನೋಡ್ಲಿಲ್ಲ. "ಊಟಕ್ಕೆ ನಿಲ್ಸಿದ್ನಲ್ಲಾ, ಆಗ ಏನ್ ಮಾಡ್ತಿದ್ರು? ಈಗ ಆಗಲ್ಲ, ಘಾಟಿ ಇಳೀಲಿ ನೋಡಣ." ಮೇಲಿನ ಬರ್ತಲ್ಲಿ ಯಾರೋ ಇಬ್ರು ನಕ್ರು. ಹೌದು, ನಕ್ರು. ನಾನು ಎದ್ದು ಹೋಗೋಷ್ಟರಲ್ಲಿ ಬಾಗಿಲು ಮುಚ್ಚಾಗಿತ್ತು, ಅಮ್ಮ ಆ ಮುಚ್ಚಿದ ಬಾಗಿಲ ಮುಂದೆ ಸೆರಗು ಮುಷ್ಟೀಲಿ ಹಿಡ್ಕೊಂಡು ನಿಂತಿದ್ಲು.

ಘಾಟಿ ಇಳೀಲಿ ಅಂದ್ರೆ ಏನರ್ಥ ಅಂತ ಆ ದಾರೀಲಿ ಹೋಗಿರೋರಿಗೆ ಗೊತ್ತಿರುತ್ತೆ. ಇನ್ನೂ ಸಕಲೇಶಪುರಾನೇ ಬಂದಿಲ್ಲ, ಅಲ್ಲಿಂದ ದೋಣಿಗಾಲು, ಮಾರನಹಳ್ಳಿ, ಆಮೇಲೆ ಶಿರಾಡಿ ಇಳಿದು ಗುಂಡ್ಯ. ಮಳೆಗಾಲ, ಹಬ್ಬದ ಟ್ರಾಫಿಕ್ಕು, ಮುಂದೆ ಸಾಲಾಗಿ ಲಾರಿ. ಒಂದೂವರೆ ಗಂಟೆ ಎರಡು ಗಂಟೆ ಆರಾಮಾಗಿ ಬೇಕು. ಶುಗರ್ ಇರೋ, ಬಿಪಿ ಮಾತ್ರೆ ತಗೊಳೋ ಅರವತ್ತೆಂಟರ ಹೆಂಗಸು ಎರಡು ಗಂಟೆ ತಡ್ಕೋಬೇಕಂತೆ.

ಮತ್ತೆ ಆ "ಊಟಕ್ಕೆ ನಿಲ್ಸಿದ್ನಲ್ಲಾ" ಅನ್ನೋ ಮಾತು. ನಿಲ್ಸಿದ್ದು ನಿಜ, ಬೆಳ್ಳೂರು ಕ್ರಾಸ್ ಹತ್ರ, ರಾತ್ರಿ ಹನ್ನೊಂದೂಮುಕ್ಕಾಲಿಗೆ. ನಮ್ಮದರ ಜೊತೆ ಇನ್ನೂ ಐದು ಬಸ್ಸು ನಿಂತಿದ್ವು. ಹೆಂಗಸರಿಗೆ ಇದ್ದಿದ್ದು ಎರಡು ಟಾಯ್ಲೆಟ್ಟು, ಒಂದಕ್ಕೆ ಚಿಲಕ ಇಲ್ಲ, ಇನ್ನೊಂದ್ರಲ್ಲಿ ನೀರಿಲ್ಲ. ಬಾಗಿಲಲ್ಲಿ ಒಬ್ಬ ಸ್ಟೂಲ್ ಹಾಕ್ಕೊಂಡು ಕೂತು ಹತ್ತತ್ತು ರೂಪಾಯಿ ವಸೂಲಿ ಮಾಡ್ತಿದ್ದ. ಒಳಗೆ ಬಲ್ಬ್ ಇಲ್ಲ, ನೆಲದ ತುಂಬಾ ನೀರೋ ಏನೋ, ಒಡೆದ ಮಗ್ಗು, ಒಂದು ಕೈಲಿ ಸೀರೆ ಮೇಲೆ ಎತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ಬಾಗಿಲು ಒತ್ತಿ ಹಿಡೀಬೇಕು. ಕ್ಯೂನಲ್ಲಿ ನಮ್ಮ ಮುಂದೆ ಇಪ್ಪತ್ತು ಜನ ಇರುವಾಗ್ಲೇ ನಮ್ಮ ಬಸ್ಸಿಂದ ಹಾರ್ನ್ ಮೇಲೆ ಹಾರ್ನು. ಅಮ್ಮ ಹೆದರಿ ವಾಪಸ್ ಬಂದ್ಲು, ಬಸ್ಸು ಬಿಟ್ಟು ಹೋದ್ರೆ ಅಂತ. ಗಂಡಸ್ರು ಎಲ್ಲಾ ಹಿಂದುಗಡೆ ಕತ್ತಲಲ್ಲಿ ಮುಗಿಸ್ಕೊಂಡು ಬೀಡಾ ಹಾಕ್ಕೊಂಡು ಹತ್ತಿ ಕೂತಿದ್ರು. ಆಗ ಏನ್ ಮಾಡ್ತಿದ್ರು ಅಂದ್ಯಲ್ಲಪ್ಪ, ಕ್ಯೂನಲ್ಲಿ ನಿಂತಿದ್ವಿ.

ಈಗ ಕೇಳಿ. ಆಲೂರು ದಾಟಿ ಸ್ವಲ್ಪ ಹೊತ್ತಿಗೆ, ಬಾಳ್ಳುಪೇಟೆ ಹತ್ರ ಬಸ್ಸು ನಿಲ್ತು. ನಾನು ಅಯ್ಯೋ ಪಾಪ ಮನಸ್ಸು ಕರಗ್ತು ಅಂದ್ಕೊಂಡೆ. ಇಲ್ಲ. ರಸ್ತೆ ಬದೀಲಿ ಒಂದು ಗೂಡ್ಸ್ ಆಟೋ ಕಾಯ್ತಿತ್ತು. ಟಾಪಿಂದ ಪಾರ್ಸಲ್ ಇಳಿಸಕ್ಕೆ ನಿಲ್ಸಿದ್ದು. ಅಮ್ಮಂಗೆ ನಿಲ್ಸಕ್ಕಾಗದ ಬಸ್ಸು ರಟ್ಟಿನ ಡಬ್ಬಕ್ಕೆ ನಿಲ್ತು. ಯಾರೂ ನಮ್ಮನ್ನ ಕರೀಲಿಲ್ಲ, ನಾವೇ ಬಾಗಿಲು ತೆರೆದಿದ್ದು ನೋಡಿ ಇಳಿದ್ವಿ. ಜಿಟಿಜಿಟಿ ಮಳೆ. ಒಂದು ಮರ ಇಲ್ಲ, ಗೋಡೆ ಇಲ್ಲ, ಆ ಕಡೆ ಚರಂಡಿ, ಈ ಕಡೆ ಹೈವೇ. ಬಸ್ಸಿನ ಹಿಂದಿನ ಚಕ್ರದ ಪಕ್ಕ ಚರಂಡಿ ಕಡೆಗೆ ಅಮ್ಮನ್ನ ಕೂರಿಸಿ, ಬರ್ತಿಂದ ಎಳ್ಕೊಂಡು ಬಂದಿದ್ದ ಬಸ್ಸಿನವರ ಕೆಂಪು ಹೊದಿಕೇನ ಎರಡು ಕೈಯಗಲಿಸಿ ಅಡ್ಡ ಹಿಡ್ಕೊಂಡು ನಿಂತೆ. ಒಂದು ಕಡೆ ಬಸ್ಸು, ಒಂದು ಕಡೆ ಹೊದಿಕೆ. ಪಾಪ ಅಮ್ಮಂಗೆ ಮಂಡಿ ನೋವು, ಕೂರಕ್ಕೇ ಟೈಮ್ ಬೇಕು, ನನ್ನ ಚೂಡಿದಾರ ಹಿಡ್ಕೊಂಡು ನಿಧಾನಕ್ಕೆ ಕೂತ್ಲು.

ಆಗ ಬಸ್ಸು ಮುಂದಕ್ಕೆ ಹೋಯ್ತು.

ಬಿಟ್ಟು ಹೋಗಕ್ಕಲ್ಲ. ಆಟೋಗೆ ಡಬ್ಬ ಕೊಡಕ್ಕೆ ಹತ್ರ ಆಗ್ಲಿ ಅಂತ. ಹತ್ತಡಿ. ನಮ್ಮ ಗೋಡೆ ಹೋಯ್ತು. ಹಿಂದಿಂದ ಬರ್ತಿದ್ದ ಲಾರಿ ಹೆಡ್‌ಲೈಟು ನೇರ ಅಮ್ಮನ ಮೇಲೆ ಬಿತ್ತು. ಹೊದಿಕೇನ ಆ ಕಡೆ ತಿರುಗಿಸ್ಲೋ ಈ ಕಡೆ ತಿರುಗಿಸ್ಲೋ ಗೊತ್ತಾಗ್ಲಿಲ್ಲ ನಂಗೆ, ಆ ಕಡೆ ತಿರುಗಿಸಿದ್ರೆ ಡಬ್ಬ ಇಳಿಸ್ತಿರೋ ಗಂಡಸ್ರು, ಈ ಕಡೆ ತಿರುಗಿಸಿದ್ರೆ ಲೈಟು. ಲಾರಿಯವನು ಹಾರ್ನ್ ಹೊಡೆದ. ಅಮ್ಮಂಗೆ ಎದ್ದೇಳಕ್ಕೂ ಆಗ್ತಿಲ್ಲ, ನಿಲ್ಸಕ್ಕೂ ಆಗ್ತಿಲ್ಲ, ತಲೆ ತಗ್ಗಿಸಿ ಸೆರಗು ಮುಖದ ಮೇಲೆ ಎಳ್ಕೊಂಡ್ಲು. ಮೈ ಮುಚ್ಕೊಳಕ್ಕಾಗಲ್ಲ ಅಂತ ಮುಖ ಮುಚ್ಕೊಂಡ್ಲು, ಯಾರಿಗೂ ಗುರುತು ಸಿಗ್ಬಾರ್ದು ಅಂತ. ಆ ಕತ್ತಲಲ್ಲಿ, ಗೊತ್ತಿಲ್ಲದ ಊರಲ್ಲಿ, ಯಾರಿಗೆ ಗುರುತು ಸಿಗುತ್ತೆ? ಮೂವತ್ತು ವರ್ಷ ಶಾಲೇಲಿ ಟೀಚರ್ ಆಗಿದ್ದೋಳು. ಆ ಹುಡುಗ ಬಾಗಿಲಲ್ಲಿ ನೇತಾಡ್ಕೊಂಡು "ಬೇಗ ಬೇಗ, ಮುಗೀತಾ, ಎಷ್ಟೊತ್ತು" ಅಂತ ಕೂಗ್ತಿದ್ದ. ನಾನು ಫೋನ್ ನೋಡಿದೀನಿ, ಬಸ್ಸು ನಿಂತಿದ್ದು 2.08, ಹೊರಟಿದ್ದು 2.20. ನಾವು ಹತ್ತಿ ಕೂತ ಮೇಲೂ ಇನ್ನೂ ಡಬ್ಬ ಇಳಿಸ್ತಾನೇ ಇದ್ರು. ಹಾಗಾದ್ರೆ ಯಾತಕ್ಕೆ ಬೇಗ ಬೇಗ?

ನಾನು ಬಾಯಿಗೆ ಬಂದ ಹಾಗೆ ಬೈದೆ, ಅಮ್ಮ ಕೈ ಜಗ್ಗಿ "ಸುಮ್ನಿರ್ ಮಾರಾಯ್ತಿ" ಅಂದ್ಲು. ಸುಮ್ಮನಾದೆ. ಯಾಕೆ ಸುಮ್ಮನಾದ್ನೋ. ಆ ಲಾರಿ ಲೈಟಲ್ಲಿ ಕಿರುಚಬೇಕಿತ್ತು ನಾನು, ಇಡೀ ಬಸ್ಸು ಎಬ್ಬಿಸಬೇಕಿತ್ತು. ಆದ್ರೆ ಎಬ್ಬಿಸಿದ್ರೆ ಎಲ್ಲಾ ಎದ್ದು ಅಮ್ಮನ್ನೇ ನೋಡ್ತಿದ್ರಲ್ವಾ. ಅದಕ್ಕೇ ಹೆಂಗಸ್ರು ಯಾರೂ ಕಿರುಚಲ್ಲ. ಆ ಬಸ್ಸಲ್ಲಿ ಕಮ್ಮಿ ಅಂದ್ರೆ ಹದಿನೈದು ಜನ ಹೆಂಗಸ್ರಿದ್ರು, ಬಸ್ಸು ನಿಂತಾಗ ಮೂರು ಜನ ಪರದೆ ಸರಿಸಿ ನೋಡಿ ಮತ್ತೆ ಎಳ್ಕೊಂಡ್ರು, ಅವ್ರಿಗೂ ಬೇಕಿತ್ತು ಅಂತ ನಂಗೆ ಗೊತ್ತು, ಇಳಿಯೋ ಧೈರ್ಯ ಬರ್ಲಿಲ್ಲ ಅಷ್ಟೇ.

ಆಮೇಲೆ ಗೊತ್ತಾಗಿದ್ದು ಇನ್ನೊಂದು. ಅಮ್ಮ ಮಧ್ಯಾಹ್ನ ಮೂರು ಗಂಟೆಯಿಂದ ನೀರೇ ಕುಡಿದಿರಲಿಲ್ಲ. ರಾತ್ರಿ ಮಾತ್ರೇನೂ ಒಂದು ಗುಟುಕಲ್ಲಿ ನುಂಗಿದಾಳೆ. ರಾತ್ರಿ ಬಸ್ಸು ಅಂದ್ರೆ ಅವಳು ಯಾವಾಗ್ಲೂ ಹಾಗೇ ಅಂತೆ, ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ, ನಾನೂ ಅದನ್ನೇ ಮಾಡ್ತೀನಿ. ಆಫೀಸಿಂದ ಊರಿಗೆ ಹೊರಡೋ ದಿನ ನಾಲ್ಕು ಗಂಟೆ ಮೇಲೆ ಬಾಟಲಿ ಮುಟ್ಟಲ್ಲ. ಕೇಳಿ ನೋಡಿ ನಿಮ್ಮ ಮನೆ ಹೆಂಗಸರನ್ನ, ಎಲ್ಲರೂ ಮಾಡ್ತಾರೆ. ನೀರು ಕುಡೀದೆ, ತಡ್ಕೊಂಡು ತಡ್ಕೊಂಡು ಆಮೇಲೆ ಯೂರಿನ್ ಇನ್‌ಫೆಕ್ಷನ್ನು, ಆಂಟಿಬಯೋಟಿಕ್ಕು.

ಈ ಬಸ್ಸಿಗೆ ನಾವು ಕೊಟ್ಟಿದ್ದು ತಲೆಗೆ 2200. ಬೇರೆ ದಿನ 900ಕ್ಕೆ ಹೋಗಿದೀನಿ ಅದೇ ಬಸ್ಸಲ್ಲಿ. ಚೌತಿ ಅಂತ 2200. ಕೇಳೋರಿಲ್ಲ. ಪರ್ಮಿಟ್ ವಿಷ್ಯಾನೂ ಕೇಳೋರಿಲ್ಲ. ಈ ರಾತ್ರಿ ಬಸ್ಸುಗಳು ಜಾಸ್ತಿ ಓಡೋದು ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ ಮೇಲೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಅದು ಇಡೀ ಬಸ್ಸನ್ನ ಒಂದು ಕರಾರಿನ ಮೇಲೆ ಕರ್ಕೊಂಡು ಹೋಗೋ ಪರ್ಮಿಟ್ಟು, ಮದುವೆ ದಿಬ್ಬಣದ ಬಸ್ ಇರುತ್ತಲ್ಲ ಹಾಗೆ. ಕರಾರಲ್ಲಿ ಇಲ್ಲದೋರನ್ನ ದಾರೀಲಿ ಹತ್ತಿಸೋ ಹಾಗಿಲ್ಲ, ಇಳಿಸೋ ಹಾಗಿಲ್ಲ. ಒಬ್ಬೊಬ್ರಿಗೆ ಬೇರೆ ಬೇರೆ ಟಿಕೆಟ್ ಕೊಟ್ಟು ಸ್ಟಾಪ್ ಸ್ಟಾಪಿಗೆ ನಿಲ್ಲಕ್ಕೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಬೇಕು. ಇವ್ರು ಮಡಿವಾಳ, ಆನಂದರಾವ್ ಸರ್ಕಲ್, ಗೊರಗುಂಟೆಪಾಳ್ಯ, ಎಂಟನೇ ಮೈಲಿ, ನೆಲಮಂಗಲ ಅಂತ ಎಲ್ಲಾ ಕಡೆ ನಿಲ್ತಾರೆ, ದುಡ್ಡು ಬರೋ ಕಡೆ ಕಾನೂನು ಅಡ್ಡ ಬರಲ್ಲ. ಹೊತ್ತು ಮೀರೋದು, ರೂಲ್ಸು, ಘಾಟಿ ಎಲ್ಲಾ ನೆನಪಾಗೋದು ಒಂದು ಹೆಂಗಸು ಬಾಗಿಲು ತಟ್ಟಿದಾಗ. ಬಸ್ಸಿನ ಓನರೇ, ನಿಮ್ಮ ಮನೆಯವ್ರನ್ನ ಒಂದೇ ಒಂದು ಸಲ ಆ ಬೆಳ್ಳೂರು ಕ್ರಾಸ್ ಟಾಯ್ಲೆಟ್ಟಿಗೆ ಕಳಿಸಿ ನೋಡಿದೀರಾ? ಆ ಹೋಟ್ಲಲ್ಲೇ ಯಾಕೆ ನಿಲ್ಸ್ತೀರಾ? ಡ್ರೈವರ್‌ಗೆ ಫ್ರೀ ಊಟ ಸಿಗುತ್ತೆ ಅಂತನಾ? ಯಾರಾದ್ರೂ ಉತ್ತರ ಕೊಡ್ರಪ್ಪಾ.

ಬಸ್ಸಿನವರ ಆಫೀಸಿಗೆ ಫೋನ್ ಮಾಡಿದ್ದೆ ನಿನ್ನೆ. "ಮೇಡಂ, ಡ್ರೈವರ್ ಕಡೆಯಿಂದ ಆಗಿದ್ದು, ನೋಡ್ತೀವಿ, ಹಬ್ಬ ಮುಗೀಲಿ" ಅಂದ್ರು. ಎಲ್ಲರೂ ಏನೋ ಒಂದು ಮುಗೀಲಿ ಅಂತಾರೆ. ಮತ್ತೆ ಆ ಹುಡುಗನ್ನ ಬೈದು ಏನು ಪ್ರಯೋಜನ ಅಂತಾನೂ ಅನ್ಸುತ್ತೆ, ಅವನೂ ರಾತ್ರಿ ಇಡೀ ನಿದ್ದೆ ಇಲ್ಲದೆ ಡಬ್ಬ ಹೊತ್ತು ಬೆಳಿಗ್ಗೆ ಬಸ್ಸು ತೊಳೆದು ಸಂಜೆ ಮತ್ತೆ ಹತ್ತಬೇಕು. ಇಲ್ಲ, ಆದ್ರೂ ಅಷ್ಟು ಜೋರಾಗಿ ಹೇಳೋ ಅಗತ್ಯ ಇರ್ಲಿಲ್ಲ. ಬಾತ್ರೂಮ್ ಬಂದಿದ್ಯಂತೆ ಅಂತ ಕೂಗೋ ಅಗತ್ಯ ಇರ್ಲೇ ಇಲ್ಲ.

ರೈಲಲ್ಲಿ ಹೋಗ್ಬೇಕಿತ್ತು ಅಂತೀರಾ, ಗೊತ್ತು. ಪಂಚಗಂಗಾ ಇದೆ, ಸಂಜೆ ಹತ್ತಿದ್ರೆ ಬೆಳಿಗ್ಗೆ ಕುಂದಾಪುರ, ಅದೇ ಸಕಲೇಶಪುರ ಸುಬ್ರಹ್ಮಣ್ಯ ಘಾಟಿನ 57 ಸುರಂಗ ದಾಟ್ಕೊಂಡು ಹೋಗುತ್ತೆ, ಬೋಗಿ ಬೋಗೀಲೂ ಟಾಯ್ಲೆಟ್ ಇರುತ್ತೆ, ಯಾರನ್ನೂ ಬೇಡಬೇಕಿಲ್ಲ. ಟಿಕೆಟ್ ಎಲ್ಲಿ? ಬುಕಿಂಗು 60 ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ಓಪನ್ ಆಗುತ್ತೆ, ಅವತ್ತು ನಂಗೆ ರಜೆ ಸಿಗುತ್ತೋ ಇಲ್ವೋ ಅಂತಾನೇ ಗೊತ್ತಿರ್ಲಿಲ್ಲ. ತತ್ಕಾಲ್ ಎಸಿಗೆ ಹತ್ತು ಗಂಟೆ, ಸ್ಲೀಪರ್‌ಗೆ ಹನ್ನೊಂದು, ಎರಡಕ್ಕೂ ಕೂತೆ, ಒಟಿಪಿ ಬರೋಷ್ಟರಲ್ಲಿ ವೇಟಿಂಗ್ ಲಿಸ್ಟು. ಕೆಎಸ್ಆರ್‌ಟಿಸಿ ತುಂಬಿ ಹೋಗಿತ್ತು. ಸರ್ಕಾರಿ ಬಸ್ಸಲ್ಲಿ ನಾನು ಎರಡು ಸಲ ಕೇಳಿ ನಿಲ್ಸಿದೀನಿ, ಒಂದು ಸಲ ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡ್ ಒಳಗೇ ಹೋಗಿ ನಿಲ್ಸಿದ್ರು, ಅಷ್ಟು ಹೇಳ್ಲೇಬೇಕು.

ವಯಸ್ಸಾದೋರನ್ನ ಕರ್ಕೊಂಡು ಹೋಗೋರು ದಯವಿಟ್ಟು ಕೇಳಿ. ಟಿಕೆಟ್ ಮಾಡೋ ಮುಂಚೆ ಫೋನ್ ಮಾಡಿ ಎಲ್ಲಿ ನಿಲ್ಸ್ತೀರಾ, ಎಷ್ಟು ಸಲ ನಿಲ್ಸ್ತೀರಾ ಕೇಳಿ, ಬಾಯ್ಮಾತಲ್ಲಿ ಬೇಡ, ಮೆಸೇಜಲ್ಲಿ ಹಾಕಿಸ್ಕೊಳ್ಳಿ. ಹತ್ತಿದ ತಕ್ಷಣ ಡ್ರೈವರ್‌ಗೆ ನೇರ ಹೇಳಿಡಿ, ಕ್ಲೀನರ್‌ಗಲ್ಲ. ಕೆಳಗಿನ ಬರ್ತು, ಮುಂದಿನ ಸಾಲು. ದೊಡ್ಡ ಕಪ್ಪು ಕೊಡೆ ಒಂದು ಬ್ಯಾಗಲ್ಲಿರ್ಲಿ, ಮಳೆ ಇಲ್ದಿದ್ರೂ ಇರ್ಲಿ, ಯಾಕೆ ಅಂತ ಹೆಂಗಸರಿಗೆ ಹೇಳ್ಬೇಕಿಲ್ಲ. ನಿಲ್ಸಲ್ಲ ಅಂದ್ರೆ ಬಸ್ ನಂಬರ್ ಹೇಳಿ 112ಕ್ಕೆ ಫೋನ್ ಮಾಡ್ತೀನಿ ಅನ್ನಿ, ನಂಗೆ ಆ ಹೊತ್ತಲ್ಲಿ ಹೊಳೀಲಿಲ್ಲ. ಆದ್ರೆ ಇದೆಲ್ಲಾ ನಾವೇ ಯಾಕೆ ಮಾಡ್ಬೇಕು? ದುಡ್ಡು ಕೊಟ್ಟೋರು ನಾವು, ಕೊಡೆ ಹೊರೋರೂ ನಾವಾ?

ಕಂಪ್ಲೇಂಟ್ ಕೊಡ್ತೀನಿ ಅಂತ ಕೂತಿದೀನಿ. ಗ್ರಾಹಕ ಸಹಾಯವಾಣಿ 1915 ಇದೆ. ಗ್ರಾಹಕ ಆಯೋಗಕ್ಕೆ ಹೋದ್ರೆ 5 ಲಕ್ಷದವರೆಗೆ ಫೀಸೂ ಇಲ್ಲ, 2019ರ ಕಾಯ್ದೆ ಬಂದ ಮೇಲೆ ನಾವಿರೋ ಜಿಲ್ಲೇಲೇ ಹಾಕಬಹುದು, ಬೆಂಗಳೂರಿಗೆ ಓಡ್ಬೇಕಿಲ್ಲ. ಎಲ್ಲಾ ಓದ್ಕೊಂಡೆ. ಬರೆಯಕ್ಕೆ ಕೂತಾಗ ಅಮ್ಮ ಪಕ್ಕ ಬಂದು, ಅದ್ರಲ್ಲಿ ಎಂತ ಬರೀತೆ, ನಾನ್ ಅಲ್ಲಿ ಕೂತದ್ದ್ ಬರೀತ್ಯಾ ಅಂತ ಕೇಳಿದ್ಲು. ಬರೀಬೇಕಲ್ಲಮ್ಮ ಅಂದೆ. ಬೇಡ ಅಂದ್ಲು. ಎದ್ದು ಹೋದ್ಲು. ಅವಳಿಗೆ ತಿಳೀದೆ ಇಲ್ಲಿ ಬರೀತಿದೀನಿ, ಅದೂ ತಪ್ಪೇ ಇರ್ಬೋದು.

ಆ ಕೆಂಪು ಹೊದಿಕೆ ನಮ್ಮ ಬ್ಯಾಗಲ್ಲೇ ಬಂದ್ಬಿಟ್ಟಿದೆ, ಇಳಿಯೋ ಗಡಿಬಿಡೀಲಿ ಮಡಚಿ ತುಂಬಿದೀನಿ ನಾನೇ. ಕೆಸರಾಗಿತ್ತು. ಇವತ್ತು ಬೆಳಿಗ್ಗೆ ಅಮ್ಮ ಅದನ್ನ ಸೋಪು ಹಾಕಿ ಒಗೆದು ಅಂಗಳದ ತಂತಿ ಮೇಲೆ ಹಾಕಿದಾಳೆ. ಹೋಪತಿಗೆ, ಅಂದ್ರೆ ವಾಪಸ್ ಹೋಗುವಾಗ, ಅವ್ರ್ ವಸ್ತ್ರ ಅವ್ರಿಗ್ ಕೊಟ್ಬಿಡ್ ಅಂತಾಳೆ. ಯಾರ ಕೈಗೆ ಕೊಡ್ಲಿ? ಕೊಡಕ್ಕೆ ಮತ್ತೆ ಅದೇ ಬಸ್ಸು ಹತ್ತಬೇಕಾ ನಾನು?