ನಾಯಿ ತರಬಹುದು, ಆದ್ರೆ...

"ನಾಯಿ ತಾನೇ ಸಾರ್? ಧಾರಾಳವಾಗಿ ಕರ್ಕೊಂಡು ಬನ್ನಿ" ಎಂದರು ಮಲೆನಾಡಿನ ಟೆಂಟ್ ಕ್ಯಾಂಪಿನವರು ಫೋನಿನಲ್ಲಿ. ಧಾರಾಳ ಅಲ್ಲಿಗೇ ಮುಗಿಯಿತು. ಟೆಂಟಿನೊಳಗೆ ಬಿಡುವ ಹಾಗಿಲ್ಲ. ಲಾನಿನ ಮೇಲೆ ಓಡಾಡಿಸುವ ಹಾಗಿಲ್ಲ. ಊಟದ ಕಡೆ ತರಲೇಬಾರದು. ಹೊಳೆಗೆ ಇಳಿಸಿದರೆ ಬೇರೆ ಗೆಸ್ಟುಗಳಿಗೆ ಬೇಜಾರು. ಇಷ್ಟೆಲ್ಲ ಸೌಕರ್ಯಕ್ಕೆ ರಾತ್ರಿಗೆ 500 ರೂಪಾಯಿ ಜಾಸ್ತಿ. ಆಮೇಲೆ ಕೇಳಿದರು, "ಯಾವ ಜಾತಿ ಸಾರ್?"

ಬೋಂಡನಿಗೆ ಜಾತಿ ಇಲ್ಲ. ಗಾಂಧಿ ಬಜಾರಿನ ತಳ್ಳುಗಾಡಿಯೊಂದರ ಕೆಳಗೆ ಸಿಕ್ಕಿದವನು, ಹೆಸರೂ ಅಲ್ಲಿಂದಲೇ ಬಂತು. ಹಾಗೆಂದೆ. ಆ ಕಡೆ ಮಾತು ನಿಂತಿತು. ಲ್ಯಾಬ್ರಡಾರ್ ಆಗಿದ್ದರೆ ಈ ಯೋಚನೆ ಬರುತ್ತಿರಲಿಲ್ಲ ಅಂತ ನನಗೆ ಖಾತ್ರಿ. ಕೊನೆಗೆ, "ಪರವಾಗಿಲ್ಲ ತನ್ನಿ, ರಾತ್ರಿ ಹೊರಗೆ ಮರಕ್ಕೆ ಕಟ್ಟಿದ್ರಾಯ್ತು" ಎಂದರು.

ಕಾಡಂಚಿನಲ್ಲಿ, ರಾತ್ರಿ ಹೊತ್ತು, ನಾಯಿಯನ್ನು ಮರಕ್ಕೆ ಕಟ್ಟುವುದು! ತೀರ್ಥಹಳ್ಳಿ, ಹೊಸನಗರದ ಕಡೆ ಒಂಟಿಮನೆಯವರು ಕತ್ತಲಾಗುತ್ತಿದ್ದಂತೆ ನಾಯಿಯನ್ನು ಒಳಗೆ ಸೇರಿಸಿ ಬಾಗಿಲು ಹಾಕುವುದು ಸುಮ್ನೆ ಅಲ್ಲ. ಚಿರತೆಗೆ ನಾಯಿ ಎಂದರೆ ಅಷ್ಟು ಪ್ರೀತಿ. ಅರಣ್ಯ ಇಲಾಖೆಯವರು ಚಿರತೆ ಹಿಡಿಯಬೇಕಾದರೆ ಬೋನಿನಲ್ಲಿ ನಾಯಿ ಕಟ್ಟುತ್ತಾರೆ. ಇವರು ಬೋನೂ ಇಲ್ಲದೆ ಕಟ್ಟಿ ಎನ್ನುತ್ತಾರೆ, ಅದೂ ನಮ್ಮಿಂದಲೇ ದುಡ್ಡು ಇಸಕೊಂಡು.

ನನ್ನ ಭಾವಮೈದ ಅಮೆರಿಕದಲ್ಲಿದ್ದಾನೆ. ಮನೆಯಂಥ ದೊಡ್ಡ ವ್ಯಾನು ಬಾಡಿಗೆಗೆ ಹಿಡಿದು ಹೆಂಡತಿ, ಮಕ್ಕಳು, ನಾಯಿ ಸಮೇತ ಊರೂರು ಸುತ್ತುತ್ತಾನೆ. ಅಲ್ಲೇನೂ ನಾಯಿಗಳಿಗೆ ರಾಜಮರ್ಯಾದೆ ಇಲ್ಲ. ನ್ಯಾಷನಲ್ ಪಾರ್ಕಿನ ಕ್ಯಾಂಪುಗಳಲ್ಲಿ ನಾಯಿಯ ಹಗ್ಗ 6 ಅಡಿ ಮೀರುವ ಹಾಗಿಲ್ಲ, ಎಷ್ಟೋ ಕಾಲುದಾರಿಗಳಿಗೆ ಅದನ್ನು ಒಯ್ಯುವ ಹಾಗೂ ಇಲ್ಲ. ಆದರೆ ಎಲ್ಲ ಮೊದಲೇ ಬರೆದು ಹಾಕಿರುತ್ತಾರಂತೆ. ನಮ್ಮಲ್ಲಿ ಒಂದೊಂದು ನಿಯಮವೂ ನಾವು ಕಾರಿನಿಂದ ಇಳಿದ ಮೇಲೆ ಹುಟ್ಟುತ್ತದೆ.

ಅದಿರಲಿ. ನಾಯಿ ಕರ್ಕೊಂಡು ಮಲೆನಾಡಿಗೆ ಹೋಗುವ ವಿಷಯ ಬಂದರೆ ನಮ್ಮ ಮನೆಯಲ್ಲಿ ಯಾರಾದರೊಬ್ಬರು ಸ್ನೋಯಿಯ ಕಥೆ ತೆಗೆಯದೆ ಇರುವುದಿಲ್ಲ.

ಸ್ನೋಯಿ ನನ್ನ ಚಿಕ್ಕಪ್ಪನ ಮಗಳ ಬೆಂಗಳೂರಿನ ನಾಯಿ. ಹೆಸರಿಗೆ ತಕ್ಕ ಹಾಗೆ ಅಚ್ಚ ಬಿಳಿ, ಮೈತುಂಬ ಕೂದಲು, ಎರಡು ವಾರಕ್ಕೊಮ್ಮೆ ಪಾರ್ಲರು. ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಅದನ್ನೂ ಕರ್ಕೊಂಡು ಬಂದಿದ್ದಳು. ಬಂದದ್ದು ಅಡಿಕೆ ಕೊಯ್ಲಿನ ಕಾಲ. ಒಂದು ಕಡೆ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು, ಇನ್ನೊಂದು ಕಡೆ ಹಂಡೆಯಲ್ಲಿ ಬೇಯುತ್ತಿತ್ತು. ಬೇಯಿಸಿ ಬೇಯಿಸಿ ಗಟ್ಟಿಯಾದ ಚೊಗರನ್ನು, ಅಂದರೆ ಅಡಿಕೆ ಬೆಂದ ಕೆಂಪು ರಸವನ್ನು, ಮಾವ ಅಗಲ ಬಾಯಿಯ ಪಾತ್ರೆಗೆ ಬಸಿದು ಆರಲು ಬಿಟ್ಟಿದ್ದರು.

ಆ ಮನೆಗೆ ಒಬ್ಬ ಕರಿಯ ಇದ್ದ. ಬಾಲ ಅರ್ಧ ಇಲ್ಲ, ಒಂದು ಕಿವಿ ಹರಿದಿದೆ. ಎಲ್ಲಿ ಹೋಯಿತು ಎಂದರೆ ಮಾವ ಬೆಟ್ಟದ ಕಡೆ ಕೈ ತೋರಿಸುತ್ತಾರೆ. ಸ್ನೋಯಿ ಮೊದಲ ದಿನವಿಡೀ ಅಕ್ಕನ ತೊಡೆಯಿಂದ ಇಳಿಯಲಿಲ್ಲ. ಎರಡನೆಯ ದಿನ ಧೈರ್ಯ ಬಂತು. ಇಳಿಯಿತು, ಅಂಗಳ ದಾಟಿತು, ಹೋಗಿ ಕರಿಯನ ಅನ್ನದ ತಟ್ಟೆಗೆ ಬಾಯಿ ಹಾಕಿತು. ಕರಿಯ ಬೊಗಳಲಿಲ್ಲ. ಎದ್ದು ನಿಂತ, ಅಷ್ಟೆ. ಸ್ನೋಯಿ ಅಡಿಕೆ ರಾಶಿ ಹಾರಿ, ಸುಲಿಯುವವರ ಮಧ್ಯೆ ನುಗ್ಗಿ, ದಾರಿ ಕಾಣದೆ ನೇರ ಚೊಗರಿನ ಪಾತ್ರೆಗೆ ಬಿತ್ತು.

ಆರಿತ್ತು, ಪುಣ್ಯ. ಎದ್ದಾಗ ಮೂಗಿನ ತುದಿಯಿಂದ ಬಾಲದ ತನಕ ಕೆಂಪು. ಅಕ್ಕ ಕಿರುಚಿದಳು. ಮಾವನೂ ಕಿರುಚಿದರು, ಆದರೆ ಅವರ ಸಂಕಟ ಚೊಗರಿನಲ್ಲಿ ತೇಲುತ್ತಿದ್ದ ಕೂದಲಿನದು. ಅತ್ತೆ ಮಾತ್ರ ನಿಂತು ನೋಡಿ, "ಒಳ್ಳೇ ಸರಕಿನ ಬಣ್ಣ ಬಂದಿದೆ ಕಣೇ, ನಾಲ್ಕು ದಿನ ಬಿಸಿಲಿಗೆ ಹಾಕಿದ್ರೆ ಮಂಡಿಗೇ ಕಳಿಸಬಹುದು" ಎಂದರು.

ಬಚ್ಚಲಿಗೆ ಒಯ್ದು ತಿಕ್ಕಿದರು. ಶಾಂಪೂ ಆಯಿತು, ಸೀಗೆಕಾಯಿ ಆಯಿತು, ಕಡಲೆಹಿಟ್ಟೂ ಆಯಿತು. ಬಟ್ಟೆ ಸೋಪು ಹಚ್ಚಿದ ಮೇಲಂತೂ ಕೆಂಪು ಇನ್ನೂ ಏರಿತು. ಸುಣ್ಣ ಹಚ್ಚಿ ಎಲೆಯಡಿಕೆ ಹಾಕುವವರಿಗೆ ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಕ್ಕ ಅದೇ ಬಣ್ಣದ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೋದಳು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ತಡೆದ. ಅವನ ಪಟ್ಟಿಯಲ್ಲಿ ಆ ಮನೆಗೆ ಬಿಳಿ ನಾಯಿ, ಫೋಟೋ ಸಮೇತ. "ಮೇಡಂ, ಇನ್ನೊಂದು ನಾಯಿಗೆ ಅಸೋಸಿಯೇಷನ್ ಪರ್ಮಿಷನ್ ಬೇಕು" ಎಂದನಂತೆ. ಹಳೆಯ ಕೂದಲು ಉದುರಿ ಹೊಸದು ಬರುವ ತನಕ ಸ್ನೋಯಿ ಅರ್ಧ ಬಿಳಿ, ಅರ್ಧ ಕೆಂಪು.

ಇಷ್ಟು ಹೇಳಿ ನಾನು ಏನೋ ಹೇಳಲು ಹೊರಟಿದ್ದೆ. ಹಾಂ, ಜಾಗ ಆರಿಸುವುದು.

ಯಾವಾಗ ಹೋಗುವುದು ಅನ್ನುವುದೇ ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಹೋದರೆ ಇಂಬಳ, ಅಂದರೆ ಜಿಗಣೆ. ನಮ್ಮ ಕಾಲಿಗಾದರೆ ಸುಣ್ಣವೋ ಉಪ್ಪೋ ಹಚ್ಚಬಹುದು, ನಾಯಿಯ ಬೆರಳುಸಂದಿಯಲ್ಲಿ ಹುಡುಕಲು ಟಾರ್ಚು ಬೇಕು, ಅದರ ಬಾಯಿ ಹಿಡಿಯಲು ಇನ್ನೊಬ್ಬರು ಬೇಕು. ಜೊತೆಗೆ ನೆನೆದ ನಾಯಿಯ ವಾಸನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿ ನಾಯಿ ಒಣಗುವುದು ಯಾವಾಗ? ಮಳೆ ನಿಂತ ಮೇಲೆ ಹೋಗೋಣ ಎಂದರೆ ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರಿನಿಂದ ಮೇ ತನಕ ಅದರ ಭಯ ಜಾಸ್ತಿ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರೆ. ಕ್ಯಾಂಪಿನವರ ಸೀಸನ್ನೂ ಸರಿಯಾಗಿ ಅದೇ. ಪೊದೆಯಲ್ಲೆಲ್ಲ ನುಗ್ಗಿ ಬಂದ ನಾಯಿ ಟೆಂಟಿನ ನಡುವೆ ನಿಂತು ಮೈ ಕೊಡವುವುದನ್ನು ಯೋಚಿಸಿ. ಇದರ ಬಗ್ಗೆ ಒಂದು ಮಾತಾದರೂ ಹೇಳಿದ ಕ್ಯಾಂಪಿನವರನ್ನು ನಾನು ಕಂಡಿಲ್ಲ. ಫೋಟೋದಲ್ಲಿ ಮಾತ್ರ ದರಗೆಲೆ ರಾಶಿಯ ಮೇಲೆ ಮಕ್ಕಳೂ ನಾಯಿಮರಿಯೂ ಹೊರಳಾಡುತ್ತಿರುತ್ತವೆ.

ಹೋದ ಮೇಲೆ ನೋಡುವುದಾದರೂ ಏನು? ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಈ ಕಡೆ ಬಂದರೆ ಶರಾವತಿ ಕಣಿವೆಯ ಅಭಯಾರಣ್ಯ. ಒಳಗೆ ಸಾಕುನಾಯಿ ಒಯ್ಯುವ ಹಾಗಿಲ್ಲ. ಸರಿಯಾದ ನಿಯಮವೇ, ಊರನಾಯಿಯ ರೋಗ ಕಾಡುಪ್ರಾಣಿಗೆ ಅಂಟುತ್ತದೆ, ನನ್ನದೇನೂ ತಕರಾರಿಲ್ಲ. ಆದರೆ ಉಳಿದವರು ಗುಡ್ಡ ಹತ್ತುವಾಗ ಒಬ್ಬರು ನಾಯಿ ಜೊತೆ ಕೂರಬೇಕು. ಆ ಒಬ್ಬರು ಯಾರು ಎಂಬುದು ನಮ್ಮ ಮನೆಯಲ್ಲಿ ಚರ್ಚೆಯ ವಿಷಯವೇ ಅಲ್ಲ.

ಇಷ್ಟಾಗಿಯೂ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂದು ನನ್ನ ಹೆಂಡತಿಯ ವಾದ. ಓನರ್ ಒಪ್ಪಿದರೆ ಆಯಿತೇ? ಆ ಮನೆಯ ಕರಿಯ ಒಪ್ಪಬೇಕಲ್ವಾ? ಗೇಟಿನಲ್ಲಿ ಹಲ್ಲು ತೋರಿಸುತ್ತಾ ನಿಂತ ನಾಯಿಯ ಹಿಂದಿನಿಂದ "ಏನೂ ಮಾಡಲ್ಲ, ಬನ್ನಿ ಬನ್ನಿ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಏನೂ ಮಾಡದೆ ಇರುವುದು ಅವರಿಗೆ.

ಹಾಗಾಗಿ ಮಗಳು ನಿನ್ನೆ ಹೊಸನಗರದ ಕಡೆಯ ಒಂದು ಹೋಂಸ್ಟೇಗೆ ಫೋನ್ ಮಾಡಿ, ಅವರ ಮನೆಯ ನಾಯಿಗಳ ವಿಚಾರವನ್ನೇ ಮೊದಲು ಕೇಳಿದಳು. ಮೂರು ಇವೆಯಂತೆ. ಎರಡು ತುಂಬಾ ಪಾಪದವು. ಮೂರನೆಯದರ ಬಗ್ಗೆ ಅವರು ಏನೂ ಹೇಳಲಿಲ್ಲ, ಬೋಂಡ ಎಷ್ಟು ಜೋರಾಗಿ ಓಡ್ತಾನೆ ಅಂತ ಕೇಳಿದರಂತೆ.